ಆಯುಧಪೂಜೆಯ ದಿನ ಮುಗಿದ ಸರ್ಟಿಫಿಕೇಟು

ಮೆಟ್ಟಿಲ ಬುಡದಲ್ಲಿ ಬೂದುಗುಂಬಳಕಾಯಿ ಒಡೆದಿದ್ದರು. ಒಡೆದು ಹೆಚ್ಚು ಹೊತ್ತಾಗಿರಲಿಲ್ಲ. ಕುಂಕುಮದ ಕೆಂಪು ನೀರು ಇನ್ನೂ ಫುಟ್‌ಪಾತಿನ ಕಡೆಗೆ ಹರಿಯುತ್ತಲೇ ಇತ್ತು. ಹಸಿ ಕುಂಬಳದ ವಾಸನೆ, ಕರ್ಪೂರ, ಬಾಗಿಲಿಗೆ ಕಟ್ಟಿದ ಚೆಂಡುಹೂವು, ಅದರ ಜೊತೆಗೆ ಕೆಳಗಿನ ಸೀರೆ ಅಂಗಡಿಯಿಂದ ಬರುವ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಆಯುಧಪೂಜೆಯ ದಿನ ಎಲ್ಲ ಕಟ್ಟಡಗಳ ಮುಂದೆಯೂ ಹೀಗೇ ಇರುತ್ತದೆ, ಒಪ್ಪುತ್ತೇನೆ. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಜಗಳದ ವಾಸನೆ. ಮೂಗಿಗೆ ಬಡಿದ ಕೂಡಲೇ ನನಗೇ ಗೊತ್ತಿಲ್ಲದಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಆ ಮೆಟ್ಟಿಲು ಹತ್ತಿ ಮೂರ್ನಾಲ್ಕು ವರ್ಷವಾಗಿತ್ತು. ಹಿಂದಿನ ದಿನ ಕಿರಣ ಫೋನ್ ಮಾಡಿದ್ದ. ನಾನು ಮೇಲಿನ ಆಫೀಸಿನಲ್ಲಿ ಕೆಲಸಕ್ಕಿದ್ದಾಗ ನಮ್ಮ ಕಂಪ್ಯೂಟರ್ ಪ್ರೋಗ್ರಾಮುಗಳನ್ನೆಲ್ಲ ಬರೆಯುತ್ತಿದ್ದವನು ಅವನೇ.

"ಸುಧಕ್ಕಾ, ಸಾರ್ ಬರೋಕೆ ಹೇಳಿದಾರೆ. ನಾಳೆ ಪೂಜೆಗೆ."

"ಯಾಕಂತೆ? ಅವತ್ತು ಅಂದಿದ್ದು ಸಾಲಲಿಲ್ವಂತಾ?"

"ಬನ್ನಿ ಅಕ್ಕ, ಅವರೇ ಹೇಳ್ತಾರೆ."

ನನ್ನ ಗಂಡ ನಾಗರಾಜ, "ಹೋಗ್ಬೇಡ ಕಣೆ, ಮತ್ತೆ ಏನಾದ್ರೂ ಅಂದ್ರೆ?" ಅಂದ. "ಅಂದ್ರೆ ನಾನೂ ಅಂತೀನಿ. ಬಾಯಿ ಅವರೊಬ್ಬರಿಗೇ ಇದೆಯಾ?" ಅಂದು, ಬಾಪೂಜಿ ನಗರದ ನಮ್ಮ ಮನೆಯಿಂದ ಲ್ಯಾಪ್‌ಟಾಪಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದೇ ಬಂದಿದ್ದೆ. ಬಂದವಳು ಈಗ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತಿದ್ದೆ, ಅಲ್ಲಿನ ನನ್ನ ಕೊನೆಯ ವರ್ಷವೆಲ್ಲ ಕಣ್ಣ ಮುಂದೆ ಬಂದುಬಿಟ್ಟಿತು.

ಆ ವರ್ಷ ದಸರೆ ಮುಗಿದರೂ ಮಳೆ ಬಿಟ್ಟಿರಲಿಲ್ಲ. ಎರಡನೇ ಮಹಡಿಯಲ್ಲಿ ಮುನಿರಾಜು ಸಾರ್ ಅವರ ಸಣ್ಣ ಕಂಪನಿ. ನರ್ಸಿಂಗ್ ಹೋಮುಗಳಿಗೆ ಬೇಕಾದ ಸಾಫ್ಟ್‌ವೇರು ಮಾಡುತ್ತಿದ್ದೆವು. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಆದ ಕೂಡಲೇ ಫಲಿತಾಂಶ ಡಾಕ್ಟರ ಫೋನಿನ ಆಪಿಗೆ ಹೋಗಬೇಕು, ಅದು ನಮ್ಮ ಮುಖ್ಯ ಸರಕು. ಸಾರ್ ಅತ್ತಿಗುಪ್ಪೆಯ ಹಳೇ ಒಕ್ಕಲು ಮನೆತನದವರು. ಅವರ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಮನೆಗಳು ಬೆಳೆದಿವೆ. ಬಾಡಿಗೆ ಎಣಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂರಬಹುದಿತ್ತು. ಕೂರಲಿಲ್ಲ. ಏನೋ ಒಂದು ಮಾಡಬೇಕು ಎನ್ನುವ ತುರಿಕೆ ಅವರಿಗೆ. ಕಂಪ್ಯೂಟರು ಅವರಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ಜನ ಅರ್ಥವಾಗುತ್ತಿದ್ದರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಹಾಗೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ಕೂತಿದ್ದವಳು ನಾನು. ಮತ್ತೆ ಹುಡುಕಲು ಹೊರಟರೆ ಹೋದಲ್ಲೆಲ್ಲ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ನಾನೇನೋ ಜೈಲಿನಲ್ಲಿದ್ದು ಬಂದವಳಂತೆ ಕೇಳುತ್ತಿದ್ದರು. ಸಾರ್ ಮಾತ್ರ, "ಮಗು ಸಾಕ್ತಾ ಇದ್ಯಾ? ಹಂಗಾದ್ರೆ ತಾಳ್ಮೆ ಇರ್ತದೆ. ಟೆಸ್ಟಿಂಗ್‌ಗೆ ಅದೇ ಬೇಕು. ನಾಳೆಯಿಂದ ಬಾ," ಅಂದಿದ್ದರು. ಆ ಮಾತಿಗೆ ನಾನು ಋಣಿ. ಇವತ್ತಿಗೂ.

ಟೆಸ್ಟಿಂಗ್ ಎಂದರೆ ಬೇರೆಯವರು ಕಟ್ಟಿದ್ದನ್ನು ಒದ್ದು, ಅಲ್ಲಾಡಿಸಿ, ಎಲ್ಲಿ ಬೀಳುತ್ತದೆ ಎಂದು ನೋಡುವ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ನಮ್ಮಮ್ಮ ಮಾತ್ರ, "ಮನೇಲಿ ಮಾಡೋದನ್ನೇ ಅಲ್ಲೂ ಮಾಡ್ತೀಯಾ, ಅದಕ್ಕೂ ಸಂಬಳ ಕೊಡ್ತಾರಾ?" ಅನ್ನುತ್ತಿದ್ದಳು.

ನಮ್ಮ ಸರ್ವರು, ಅಂದರೆ ರಿಪೋರ್ಟುಗಳೆಲ್ಲ ಕೂಡಿಟ್ಟ ದೊಡ್ಡ ಕಂಪ್ಯೂಟರು, ಆಫೀಸಿನಲ್ಲೇ ಒಂದು ಗಾಜಿನ ಬೀರುವಿನಲ್ಲಿತ್ತು. ಎಲ್ಲರೂ ಬಾಡಿಗೆಗೆ ಎಲ್ಲೋ ಇಡುತ್ತಾರೆ, ನಮ್ಮ ಸಾರ್‌ಗೆ ಅದು ಒಗ್ಗದು. ನಮ್ಮದು ನಮ್ಮ ಕಣ್ಣ ಮುಂದಿರಲಿ ಎನ್ನುವವರು. ಅದರಲ್ಲಿ ಏನೇ ಬದಲಾಯಿಸಬೇಕಾದರೂ ಅದರ ಮುಂದಿನ ಕೀಬೋರ್ಡಿನಲ್ಲೇ ಕೂತು ಮಾಡಬೇಕು, ಹೊರಗಿನಿಂದ ಕೈಯಾಡಿಸುವಂತಿಲ್ಲ. ಅದು ಒಳ್ಳೆಯ ಕಟ್ಟುನಿಟ್ಟೇ. ಆಯುಧಪೂಜೆಯ ದಿನ ಆ ಬೀರುವಿಗೆ ಬಾಳೆಕಂದು ಕಟ್ಟಿ, ಸರ್ವರಿಗೆ ವಿಭೂತಿ ಬಳಿದು, ಕೀಬೋರ್ಡಿನ ಎದೆಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಸರ್ವರು ಓಡುತ್ತಲೇ ಇರುತ್ತದೆ, ಆದರೆ ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿಗೆ ಮತ್ತೆ ಮಂಗಳಾರತಿ ಮಾಡಿ ಎತ್ತಿದ ಮೇಲೆಯೇ ಕೆಲಸ. ರೈತರ ಮನೆಯಲ್ಲಿ ಆವತ್ತು ನೇಗಿಲು ಮುಟ್ಟುತ್ತಾರೆಯೇ? ಸಾರ್‌ಗೆ ಸರ್ವರೂ ನೇಗಿಲೇ.

ನಾನು ಮಧ್ಯಾಹ್ನಕ್ಕೇ ಕಡ್ಲೆಪುರಿ, ಬೂಂದಿಯ ಪೊಟ್ಟಣ ಹಿಡಿದು ಮನೆಗೆ ಹೋಗಿದ್ದೆ. ಆ ಸಂಜೆ ಸರ್ವರಿನ ಸರ್ಟಿಫಿಕೇಟಿನ ಅವಧಿ ಮುಗಿಯಿತು.

ಇಲ್ಲಿ ಒಂದು ಸಣ್ಣ ಪಾಠ ಹೇಳಲೇಬೇಕು, ಬೇಜಾರಾದರೂ ಸಹಿಸಿಕೊಳ್ಳಿ. ಡಾಕ್ಟರ ಫೋನಿನ ಆಪು ನಮ್ಮ ಸರ್ವರನ್ನು ಮಾತಾಡಿಸುವ ಮೊದಲು, ನೀನು ನಿಜವಾಗಿ ಅದೇ ಸರ್ವರಾ ಎಂದು ಕೇಳುತ್ತದೆ. ಸರ್ವರು ತನ್ನ ಡಿಜಿಟಲ್ ಸರ್ಟಿಫಿಕೇಟು ತೋರಿಸುತ್ತದೆ. ಗುರುತಿನ ಚೀಟಿ ಅಂತಿಟ್ಟುಕೊಳ್ಳಿ. ಅದನ್ನು ಕೊಟ್ಟವರು ನಂಬತಕ್ಕವರೇ, ಅವಧಿ ಮುಗಿದಿಲ್ಲ ತಾನೇ, ಅದರ ಮೇಲಿರುವ ಹೆಸರು ನಾನು ಹುಡುಕಿಕೊಂಡು ಬಂದವರದೇನಾ, ಇಷ್ಟನ್ನೂ ಆಪು ನೋಡಬೇಕು. ಒಂದು ತಪ್ಪಿದರೂ ಮಾತುಕತೆ ಬಂದ್. ಆ ಸಂಜೆ ಆಪು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಚೀಟಿ ಹಳತಾಗಿದೆ ಎಂದು ಎಲ್ಲ ಡಾಕ್ಟರ ಫೋನಿನಲ್ಲೂ ರಿಪೋರ್ಟು ನಿಲ್ಲಿಸಿತು. ನರ್ಸಿಂಗ್ ಹೋಮುಗಳಿಂದ ಫೋನಿನ ಮೇಲೆ ಫೋನು. ಹೊಸ ಸರ್ಟಿಫಿಕೇಟು ಸಿದ್ಧವಿತ್ತು. ಅದನ್ನು ಹಾಕಲು ಕೀಬೋರ್ಡು ಮುಟ್ಟಬೇಕಿತ್ತು. ಸಾರ್ ಮುಟ್ಟಗೊಡಲಿಲ್ಲ. ಮುಟ್ಟದೆ ಏನಾದ್ರೂ ಮಾಡೋಕಾಗುತ್ತಾ ನೋಡು ಎಂದು ಕಿರಣನಿಗೆ ಹೇಳಿದರು.

ಕಿರಣ ತನ್ನ ಲ್ಯಾಪ್‌ಟಾಪನ್ನು ಪೂಜೆಗೆ ತರುವುದು ಮರೆತಿದ್ದ. ಅದೇ ಅನುಕೂಲವಾಯಿತು. ಮನೆಯಲ್ಲಿ ಕೂತು ಆಪಿನಲ್ಲಿ ಒಂದು ಸಾಲು ಸೇರಿಸಿದ. ಸರ್ವರು ಯಾವ ಚೀಟಿ ತೋರಿಸಿದರೂ ನೋಡದೆ ಸರಿ ಅನ್ನು, ಅಷ್ಟೇ ಆ ಸಾಲಿನ ಅರ್ಥ. ಎಲ್ಲ ಡಾಕ್ಟರಿಗೂ ವಾಟ್ಸಾಪಿನಲ್ಲಿ ಹೊಸ ಆಪಿನ ಲಿಂಕು ಕಳಿಸಿದ. ಅರ್ಧ ಗಂಟೆಯಲ್ಲಿ ರಿಪೋರ್ಟು ಓಡಿತು. ಸಾರ್ ಅವನ ಬೆನ್ನು ತಟ್ಟಿದರಂತೆ.

ಮರುದಿನ ಹೊಸ ಸರ್ಟಿಫಿಕೇಟು ಸರ್ವರಿಗೆ ಹತ್ತಿತು. ಆಪಿನೊಳಗಿನ ಸಾಲು ಮಾತ್ರ ಹಾಗೇ ಉಳಿಯಿತು. ದೀಪಾವಳಿಗೆ ಇನ್ನೊಂದು ಸರ್ವರು ಬಂದಾಗ ಅದಕ್ಕೆ ಸರಿಯಾದ ಸರ್ಟಿಫಿಕೇಟು ಮಾಡಿಸುವ ಗೋಜಿಗೇ ಯಾರೂ ಹೋಗಲಿಲ್ಲ. ತಾವೇ ಒಂದು ಬರೆದುಕೊಂಡರು. ಕೇಳುವವರೇ ಇಲ್ಲದ ಮೇಲೆ ಯಾಕೆ ತಲೆನೋವು?

ಇದಾವುದೂ ನನಗೆ ತಿಳಿಯದು. ತಿಳಿದದ್ದು ಕಾರ್ತಿಕದ ಕೊನೆಯಲ್ಲಿ, ಒಂದು ಚಳಿಯ ಬೆಳಗ್ಗೆ. ಟೆಸ್ಟಿಂಗಿಗೆಂದು ಹೊಸ ಫೋನು ಬಂದಿತ್ತು. ಫೋನಿಗೂ ಸರ್ವರಿಗೂ ನಡುವೆ ಕೂತು ಮಾತೆಲ್ಲ ಕೇಳಿಸಿಕೊಳ್ಳುವ ಒಂದು ಸಾಫ್ಟ್‌ವೇರು ನನ್ನ ಲ್ಯಾಪ್‌ಟಾಪಿನಲ್ಲಿದೆ, ನಮ್ಮ ಕಸುಬಿನವರೆಲ್ಲ ಬಳಸುವಂಥದ್ದು. ಅದು ತೋರಿಸುವುದು ಸರ್ವರಿನ ಚೀಟಿಯನ್ನಲ್ಲ, ತನ್ನದೇ ಚೀಟಿಯನ್ನು. ಆದ್ದರಿಂದ ಮೊದಲು ಫೋನಿಗೆ, ಇವನು ನಮ್ಮವನೇ ಬಿಡು ಎಂದು ಒಪ್ಪಿಸಬೇಕು. ಒಪ್ಪಿಸದಿದ್ದರೆ ಆಪು ಓಡಬಾರದು. ಹೊಸ ಫೋನಿಗೆ ನಾನು ಇನ್ನೂ ಒಪ್ಪಿಸಿರಲಿಲ್ಲ. ಕಾಫಿ ಕುಡಿಯುತ್ತಾ ಸುಮ್ಮನೆ ಆಪು ಒತ್ತಿದೆ. ಓಡಿತು. ರೋಗಿಗಳ ಹೆಸರು, ವಯಸ್ಸು, ಬಸುರಿ ಹೌದೋ ಅಲ್ಲವೋ, ಸಕ್ಕರೆ ಎಷ್ಟು, ಎಲ್ಲ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲಾಗಿ ಬಂದು ನಿಂತಿತು. ಆಪಿನ ಮೂಲೆಯಲ್ಲಿ ಎಲ್ಲ ಭದ್ರ ಎನ್ನುವ ಬೀಗದ ಚಿತ್ರ ಬೇರೆ ಹಸಿರಾಗಿ ಹೊಳೆಯುತ್ತಿತ್ತು.

ಕಾಫಿ ತಣ್ಣಗಾಯಿತು. ಕಿರಣನನ್ನು ಕರೆದು ತೋರಿಸಿದೆ.

"ಅಯ್ಯೋ ಅಕ್ಕ, ಅದು ಪೂಜೆ ದಿನದ್ದು," ಅಂದ. "ತೆಗೀಬೇಕಿತ್ತು."

"ತೆಗಿ ಮತ್ತೆ."

"ಈಗ ತೆಗೆದ್ರೆ ಹೊಸ ಸರ್ವರಿನಲ್ಲಿರೋ ಅಷ್ಟೂ ನರ್ಸಿಂಗ್ ಹೋಂ ನಿಂತೋಗುತ್ತೆ. ಅದಕ್ಕೆ ಸರಿಯಾದ ಸರ್ಟಿಫಿಕೇಟೇ ಇಲ್ಲ. ಎಲ್ಲಾ ಮೊದಲಿಂದ ಮಾಡ್ಬೇಕು. ಯಾಕೆ ನಿಂತೋಯ್ತು ಅಂತ ಎಲ್ಲಾರ್ಗೂ ಹೇಳ್ಬೇಕು."

"ಹೇಳೋಣ."

"ಸಾರ್ ಬಿಡಲ್ಲ ಅಕ್ಕ."

ಬಿಡಲಿಲ್ಲ. ಆ ಹೊತ್ತಿಗೆ ಸಾರ್ ಕಣ್ಣು ಕೆಂಗೇರಿಯ ಮೇಲಿತ್ತು. ಅಲ್ಲಿನ ಡಾಕ್ಟರ್ ಪ್ರಮೀಳಾ ಅವರಿಗೆ ಮೂರು ನರ್ಸಿಂಗ್ ಹೋಮುಗಳಿದ್ದವು. ನಮ್ಮ ಆಪನ್ನು ತೆಗೆದುಕೊಳ್ಳಲು ಒಪ್ಪಿದ್ದರು, ಒಂದೇ ಷರತ್ತು: ಆಪು ಸುರಕ್ಷಿತವಾಗಿದೆ, ಪರೀಕ್ಷಿಸಿದ್ದೇನೆ ಎಂದು ಟೆಸ್ಟಿಂಗ್ ಮಾಡಿದವರೇ ಹೆಸರು ಬರೆದು ಸಹಿ ಹಾಕಿದ ಪತ್ರ ಬೇಕು. ಟೆಸ್ಟಿಂಗ್ ಮಾಡುವವಳು ನಾನೊಬ್ಬಳೇ. ಹೆಸರು ನನ್ನದು, ಸಹಿ ನನ್ನದು.

"ಸರಿ ಮಾಡಾಣಮ್ಮ, ಬೇಡ ಅಂದ್ನಾ?" ಅಂದರು ಸಾರ್. "ಸಂಕ್ರಾಂತಿ ಕಳೀಲಿ. ನಿಧಾನಕ್ಕೆ ಒಂದೊಂದೇ ಸರಿ ಮಾಡಾಣ, ಯಾರಿಗೂ ಗೊತ್ತಾಗದಂಗೆ. ಈಗ ನೀನು ಸೈನ್ ಹಾಕು."

"ಸುಳ್ಳಿಗೆ ಸೈನ್ ಹಾಕಲ್ಲ ಸಾರ್."

"ಇಷ್ಟು ದಿನ ಏನಾದ್ರೂ ಆಯ್ತಾ?"

"ಆಗಿದ್ರೆ ನಮಗೆ ಗೊತ್ತಾಗೋದು ಹೇಗೆ? ಬಾಗಿಲಲ್ಲಿ ಚೀಟಿ ನೋಡೋನನ್ನೇ ನಾವು ಎಬ್ಬಿಸಿ ಮನೆಗೆ ಕಳಿಸಿದೀವಿ."

"ಅಲ್ಲಮ್ಮ, ನಮ್ಮ ನರ್ಸಿಂಗ್ ಹೋಂ ರಿಪೋರ್ಟ್ ಕದಿಯೋಕೆ ಯಾರಿಗಿದೆ ಅಷ್ಟು ಪುರುಸೊತ್ತು?"

ನನಗೆ ನಗು ಬಂತು, ಸಿಟ್ಟಿನ ನಗು. "ಸಾರ್, ನಮ್ಮ ಬೀದೀಲಿ ಒಂದು ಹುಡುಗಿ ನರ್ಸಿಂಗ್ ಹೋಂ ಮೆಟ್ಟಿಲು ಹತ್ತಿದ್ರೆ ಸಾಯಂಕಾಲದೊಳಗೆ ಬೀದಿಗೆಲ್ಲ ಗೊತ್ತಾಗುತ್ತೆ. ಪುರುಸೊತ್ತಿಗೇನೂ ಬರ ಬಂದಿಲ್ಲ. ವೇಟಿಂಗ್ ರೂಮಲ್ಲಿ ಒಬ್ಬ ತನ್ನದೊಂದು ವೈಫೈ ಹಾಕ್ಕೊಂಡು, ಅದಕ್ಕೆ ನರ್ಸಿಂಗ್ ಹೋಂ ಹೆಸರಿಟ್ಟು ಕೂತ್ರೆ, ಡಾಕ್ಟ್ರ ಫೋನು ಅದಕ್ಕೇ ಸೇರ್ಕೊಳ್ಳುತ್ತೆ, ಮುಗೀತು. ಬರೀ ಓದೋದಲ್ಲ, ತಿದ್ದಲೂಬಹುದು."

ಸಾರ್ ಮುಖ ಗಂಟಾಯಿತು. ನಾನು ಕೇಳಬಾರದೆಂದುಕೊಂಡಿದ್ದ ಮಾತನ್ನೇ ಆಡಿದರು. "ಯಾರೂ ಕೆಲಸ ಕೊಡದೆ ಇದ್ದಾಗ ಕೊಟ್ಟೋನು ನಾನು. ನೆನಪಿರ್ಲಿ."

ನೆನಪಿತ್ತು. ಅದಕ್ಕೇ ನೋವಾಯಿತು. ನನ್ನ ಕುರ್ಚಿಗೆ ಬಂದು ಕೂತೆ, ಕಣ್ಣು ಉರಿಯುತ್ತಿತ್ತು. ಬೀರುವಿನ ಗಾಜಿನೊಳಗೆ ಪೂಜೆಯ ಹಾರ ಒಣಗಿ ತರಗೆಲೆಯಾಗಿ ನೇತಾಡುತ್ತಿತ್ತು. ಅದನ್ನು ತೆಗೆಯುವ ಗೋಜಿಗೂ ಯಾರೂ ಹೋಗಿರಲಿಲ್ಲ.

ಅವರೆಕಾಯಿಯ ಕಾಲ ಬಂತು. ಮಾರ್ಕೆಟ್ಟಿನ ಎರಡೂ ಬದಿಗೆ ರಾಶಿ ರಾಶಿ ಅವರೆ, ಅದರ ಸೊಗಡು ನಮ್ಮ ಎರಡನೇ ಮಹಡಿಯ ಕಿಟಕಿಯವರೆಗೂ ಏರುತ್ತಿತ್ತು. ಡಾಕ್ಟರ್ ಪ್ರಮೀಳಾ ಬರುವ ಹಿಂದಿನ ಸಂಜೆ ಮನೆಯಲ್ಲಿ ನೆನೆಹಾಕಿದ ಕಾಳು ಹಿತಕುತ್ತಾ ಕೂತಿದ್ದೆವು. ನಾಗರಾಜ ಸಿಟಿ ಬಸ್ಸಿನಲ್ಲಿ ಕಂಡಕ್ಟರು. ವಿಷಯವೆಲ್ಲ ಕೇಳಿದವನು, "ಹಾಕ್ಬಿಡು ಕಣೆ ಸೈನು. ಮನೆ ಹತ್ರದ ಕೆಲಸ, ಮಗು ಸ್ಕೂಲು ಪಕ್ಕದಲ್ಲೇ ಇದೆ. ಸಂಕ್ರಾಂತಿ ಆದ್ಮೇಲೆ ಸರಿ ಮಾಡ್ತೀನಿ ಅಂದಿದಾರಲ್ಲ," ಅಂದ.

"ನೀನು ಪಾಸ್ ನೋಡೋವಾಗ ಏನು ನೋಡ್ತೀಯಾ?"

"ಡೇಟ್ ನೋಡ್ತೀನಿ. ಫೋಟೋ ನೋಡ್ತೀನಿ. ಮುಖ ನೋಡ್ತೀನಿ."

"ಯಾವನೋ ಇನ್ಯಾರದೋ ಪಾಸ್ ತೋರಿಸ್ದ ಅಂತಿಟ್ಕೊ. ಸಂಕ್ರಾಂತಿವರೆಗೂ ಹೋಗ್ಲಿ ಬಿಡು ಅಂತೀಯಾ?"

"ಮುಂದಿನ ಸ್ಟಾಪಲ್ಲಿ ಇಳಿಸ್ತೀನಿ," ಅಂದ, ಅಂದಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಹೊಳೆಯಿತು. ಬೇಳೆಯ ಪಾತ್ರೆಯನ್ನು ನನ್ನ ಕಡೆ ತಳ್ಳಿ, "ನಿನ್ನ ಜೊತೆ ಮಾತಾಡಿ ಗೆದ್ದೋರ್ಯಾರು," ಎಂದು ಎದ್ದ. ಬಾಗಿಲ ಹತ್ತಿರ ನಿಂತು, "ಕೆಲಸ ಹೋದ್ರೆ ಹೋಗ್ಲಿ, ನಾನಿದೀನಿ," ಅಂದ. ಅವನಿಗೆ ಭಯವಿತ್ತು, ನನಗೂ ಇತ್ತು. ಆದರೂ ಅವನು ಹಾಗಂದನಲ್ಲ, ಅದನ್ನು ನಾನು ಮರೆಯುವುದಿಲ್ಲ.

ಬೆಳಗ್ಗೆ ಸಾರ್ ಬಳಿ ನೇರವಾಗಿ ಹೇಳಿದೆ. "ಸಾರ್, ಸೈನ್ ಹಾಕಲ್ಲ. ಅವರಾಗೇ ಕೇಳಿದ್ರೆ ಇರೋದನ್ನೇ ಹೇಳ್ತೀನಿ. ಆಮೇಲೆ ಹಿಂದಿನಿಂದ ಚುಚ್ಚಿದ್ಲು ಅನ್ಬೇಡಿ." ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಬಂದವರ ಮುಂದೆ ಇವಳು ಬಾಯಿ ಬಿಡುವುದಿಲ್ಲ ಎಂದುಕೊಂಡಿದ್ದರು ಅಂತ ಕಾಣುತ್ತದೆ. ನಮ್ಮ ಕಡೆ ಅದೊಂದು ನಂಬಿಕೆ, ನೆಂಟರ ಮುಂದೆ ಮನೆಯ ಹೆಂಗಸು ಸುಮ್ಮನಿರುತ್ತಾಳೆ ಅಂತ.

ಡಾಕ್ಟರ್ ಪ್ರಮೀಳಾ ಐವತ್ತು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಸಾರ್ ಬಿಸಿ ಬಿಸಿ ಅವರೆಕಾಳು ಉಪ್ಪಿಟ್ಟು ತರಿಸಿದ್ದರು. ಅವರು ಅದನ್ನು ತಿನ್ನುತ್ತಲೇ ಪತ್ರ ನೋಡಿ, ಸಹಿಯ ಜಾಗ ಖಾಲಿಯಿದ್ದುದನ್ನು ಕಂಡು, "ಟೆಸ್ಟ್ ಮಾಡಿದ್ದು ಯಾರು?" ಅಂದರು.

"ನಾನು ಮೇಡಂ. ಸುಧಾ."

"ಪತ್ರದಲ್ಲಿ ಎಲ್ಲಾ ಬರೆದಿದಾರೆ. ನೀವೇ ಹೇಳಿ, ಇದು ಸೇಫಾ?"

ಸಾರ್ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಕಿರಣ ನೆಲ ನೋಡಿದ. ಒಂದು ಗಳಿಗೆ ನನಗೆ ಮಗಳ ಸ್ಕೂಲು, ಮನೆ, ಮತ್ತೆ ಇಂಟರ್‌ವ್ಯೂಗಳಲ್ಲಿ ಕೇಳಿಸಿಕೊಳ್ಳಬೇಕಾದ ಪ್ರಶ್ನೆಗಳು, ಎಲ್ಲ ನೆನಪಾದವು.

"ಅಲ್ಲ," ಅಂದೆ.

ನಮ್ಮ ಟೆಸ್ಟಿಂಗ್ ಫೋನನ್ನು ಅವರ ಕೈಗೆ ಕೊಟ್ಟೆ. ಬಾಪೂಜಿ ನಗರದ ನರ್ಸಿಂಗ್ ಹೋಮಿನಲ್ಲಿ ಮಾಡಿಸಿದ್ದ ನನ್ನದೇ ರಕ್ತದ ರಿಪೋರ್ಟು ಅದರಲ್ಲಿತ್ತು. ಹಿಮೋಗ್ಲೋಬಿನ್ ಹನ್ನೊಂದು ಎಂದು ತೋರಿಸಿತು. "ಈಗ ಆಪನ್ನ ಮುಚ್ಚಿ ಮತ್ತೆ ತೆಗೀರಿ ಮೇಡಂ," ಅಂದೆ. ಅಷ್ಟರಲ್ಲಿ ಪಕ್ಕದ ಮೇಜಿನ ಮೇಲಿದ್ದ ನನ್ನ ಲ್ಯಾಪ್‌ಟಾಪು ಅಂಕಿ ತಿದ್ದಲೆಂದು ಫೋನಿಗೂ ಸರ್ವರಿಗೂ ನಡುವೆ ಬಂದು ಕೂತಿತ್ತು. ಫೋನು ಅವರ ಕೈಯಲ್ಲೇ ಇತ್ತು, ಸರ್ವರು ಬೀರುವಿನಲ್ಲೇ ಇತ್ತು. ರಿಪೋರ್ಟು ಮತ್ತೆ ತೆರೆಯಿತು. ಹಿಮೋಗ್ಲೋಬಿನ್ ಐದು. ಮೂಲೆಯ ಬೀಗ ಹಸಿರಾಗಿಯೇ ಇತ್ತು.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ನನ್ನ ಮುಖ ನೋಡಿದರು. "ಇದನ್ನ ನಂಬಿ ನಾನು ನಿಮಗೆ ರಕ್ತ ಏರ್ಸಿಬಿಡ್ತಿದ್ದೆ," ಅಂದರು, ಬಹಳ ಮೆಲ್ಲಗೆ. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.

ಸಾರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಾಗುತ್ತಿತ್ತು. "ನನ್ನ ಮನೇಲೇ ನನ್ನ ಮಾನ ತೆಗೆದೆ. ನಾಳೆಯಿಂದ ಬರ್ಬೇಡ," ಅಂದರು.

"ಬರ್ತೀನಿ ಸಾರ್," ಅಂದೆ. "ಬಾಪೂಜಿ ನಗರದ ಡಾಕ್ಟರು ನಾಳೆನೂ ಅದೇ ಆಪಲ್ಲಿ ರಿಪೋರ್ಟ್ ನೋಡ್ತಾರೆ. ನಮ್ಮಮ್ಮನ ರಿಪೋರ್ಟೂ ಅದರಲ್ಲೇ ಬರೋದು. ಅದು ಸರಿಯಾಗೋವರೆಗೂ ಬರ್ತೀನಿ. ಸಂಬಳ ಕೊಡ್ಬೇಡಿ ಬೇಕಾದ್ರೆ. ಆಮೇಲೆ ನೀವು ಹೇಳೋದೇ ಬೇಡ, ನಾನೇ ಹೋಗ್ತೀನಿ."

ಹಠ ಎನ್ನುವುದಾದರೆ ಹಠ. ಮೆಟ್ಟಿಲಿಳಿದೆ. ಮೆಟ್ರೋ ಸ್ಟೇಷನ್ನಿನ ಕೆಳಗೆ ಕಬ್ಬಿನ ರಾಶಿಯ ಪಕ್ಕ ನಿಂತು ಅತ್ತೆ. ಕಬ್ಬು ಮಾರುತ್ತಿದ್ದ ಹೆಂಗಸು, "ಯಾಕಮ್ಮ, ಯಾರು ಏನಂದ್ರು?" ಅಂದಳು. "ಯಾರೂ ಏನೂ ಅನ್ಲಿಲ್ಲ, ನಾನೇ ಅಂದೆ," ಅಂದೆ. ಅವಳಿಗೆ ಏನು ಅರ್ಥವಾಯಿತೋ, ನಗುತ್ತಾ ಒಂದು ಕಬ್ಬಿನ ತುಂಡು ಕೈಗಿಟ್ಟಳು.

ಮರುದಿನ ಹೋದೆ. ಒಳಗಿನಿಂದ ಬಾಗಿಲು ತೆರೆದವನು ಕಿರಣ. ಮುಖ ಊದಿಕೊಂಡಿತ್ತು. ಗಾಜಿನ ಬೀರು ತೆಗೆದು, ಒಣಗಿದ ಹಾರ ಕಿತ್ತು ಕಸದ ಬುಟ್ಟಿಗೆ ಹಾಕಿ, ಕುರ್ಚಿ ಎಳೆದುಕೊಂಡು ಕೀಬೋರ್ಡಿನ ಮುಂದೆ ಕೂತ.

"ಸಾಲು ಬರ್ದಿದ್ದು ನಾನು ಅಕ್ಕ. ನಾನೇ ತೆಗೀತೀನಿ. ಫೋನ್ ನೀವು ನೋಡ್ಕೊಳ್ಳಿ."

ಹಾಡಹಗಲು, ಡಾಕ್ಟರುಗಳು ರೋಗಿಗಳನ್ನು ನೋಡುವ ಹೊತ್ತಿನಲ್ಲೇ, ಎಲ್ಲ ನಿಲ್ಲಿಸಿದೆವು. ನಿಲ್ಲಿಸಿದ ಮರುಕ್ಷಣ ಫೋನು ಬಡಿದುಕೊಳ್ಳಲು ಶುರು. ಮೊದಲನೆಯದು ಬಾಪೂಜಿ ನಗರದ ಹಳೆಯ ಡಾಕ್ಟರದು, ನಮ್ಮಮ್ಮನಿಗೆ ಥೈರಾಯ್ಡ್ ನೋಡುವವರು. ನಾನು ಫೋನೆತ್ತುವ ಹೊತ್ತಿಗೆ ಸಾರ್ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡುತ್ತಲೇ ಹೇಳಿದೆ: "ಡಾಕ್ಟ್ರೇ, ನಾವೇ ನಿಲ್ಲಿಸಿದೀವಿ. ನಮ್ಮ ಆಪಲ್ಲಿ ತಪ್ಪಿದೆ, ದಸರಾದಿಂದ ಇದೆ. ಯಾರ ಹತ್ರ ಮಾತಾಡ್ತಾ ಇದೀನಿ ಅಂತ ಅದು ನೋಡ್ತಾ ಇರ್ಲಿಲ್ಲ. ಸರಿ ಮಾಡೋವರೆಗೂ ರಿಪೋರ್ಟನ್ನ ಲ್ಯಾಬಿಂದ ಕಾಗದದಲ್ಲೇ ತರಿಸ್ಕೊಳ್ಳಿ. ದಸರಾದಿಂದ ಈಚೆಗೆ ಯಾವ್ದಾದ್ರೂ ರಿಪೋರ್ಟಿನ ಮೇಲೆ ಅನುಮಾನ ಇದ್ರೆ ಲ್ಯಾಬಲ್ಲಿ ಒಂದ್ಸಲ ತಾಳೆ ನೋಡ್ಬಿಡಿ."

ಆ ಕಡೆಯಿಂದ ಬೈಗುಳ ಬಂತು. ಪೂರ್ತಿ ಕೇಳಿಸಿಕೊಂಡೆ. ಇಟ್ಟೆ. ಮುಂದಿನ ಫೋನೆತ್ತಿದೆ. ಸಾರ್ ನನ್ನ ಕೈಯಿಂದ ಫೋನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾಲ್ಕು ದಿನ ಹಿಡಿಯಿತು. ಎರಡೂ ಸರ್ವರಿಗೆ ಸರಿಯಾದ ಸರ್ಟಿಫಿಕೇಟು, ಎಲ್ಲರಿಗೂ ಹೊಸ ಆಪು. ಕೆಲವು ನರ್ಸಿಂಗ್ ಹೋಮುಗಳು ನಮ್ಮನ್ನು ಬಿಟ್ಟು ಹೋದವು, ಕೆಲವು ಉಳಿದವು. ಸಂಕ್ರಾಂತಿಗೆ ಮೊದಲೇ ಸಾರ್ ನನ್ನನ್ನು ಕರೆದು ಒಂದು ಕವರ್ ಕೊಟ್ಟರು. ಕೆಲಸದಿಂದ ಬಿಡುಗಡೆಯ ಪತ್ರ. "ಕೆಲಸ ಸರಿ ಹೋಯ್ತಲ್ಲಮ್ಮ. ಇನ್ನು ಹೊರಡು," ಅಂದರು. "ಸರಿ ಸಾರ್," ಅಂದು ತೆಗೆದುಕೊಂಡೆ. ಕವರಿನ ಜೊತೆ ಎಳ್ಳುಬೆಲ್ಲದ ಪೊಟ್ಟಣವನ್ನೂ ಇಟ್ಟಿದ್ದರು. ಅದನ್ನು ಮೇಜಿನ ಮೇಲೇ ಬಿಟ್ಟು ಬಂದೆ. ಆ ಸಿಟ್ಟನ್ನು ನಾನು ಈಗಲೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಎಲ್ಲೂ ಸುಲಭಕ್ಕೆ ಕೆಲಸ ಸಿಗಲಿಲ್ಲ. ಯಜಮಾನರ ಮಾನ ತೆಗೆದವಳು ಎಂದು ಸುದ್ದಿ ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಕೊನೆಗೆ ನಾನೇ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿ ಕೂತೆ. ಒದ್ದು ನೋಡಿ ಕೊಡ್ತೀನಿ, ಇದ್ದದ್ದು ಇದ್ದಂತೆ ಹೇಳ್ತೀನಿ, ಬೇಕಾದವರು ಬನ್ನಿ. ಮೊದಲ ವರ್ಷ ನೊಣ ಹೊಡೆದೆ. ಆಮೇಲೆ ಬಂದರು.

ಇಷ್ಟನ್ನೂ ನೆನೆಯುತ್ತಾ ಮೆಟ್ಟಿಲು ಹತ್ತಿ ಮುಗಿದಿತ್ತು. ಬಾಗಿಲಲ್ಲಿ ಅದೇ ಬಾಳೆಕಂದು. ಒಳಗೆ ಫ್ಯಾನಿಗೆ, ವಾಟರ್ ಫಿಲ್ಟರಿಗೆ, ಪ್ರಿಂಟರಿಗೆ, ಪ್ರತಿಯೊಂದು ಕಂಪ್ಯೂಟರಿಗೂ ಕುಂಕುಮ. ಗಾಜಿನ ಬೀರು ಹೊಸದಾಗಿತ್ತು, ಹಾರ ದಪ್ಪವಾಗಿತ್ತು. ಆದರೆ ಬೀರುವಿನ ಮುಂದೆ ಒಂದು ಸ್ಟೂಲಿನ ಮೇಲೆ ಕೀಬೋರ್ಡೊಂದನ್ನು ಒಂಟಿಯಾಗಿ ಇಟ್ಟಿದ್ದರು. ಅದಕ್ಕೆ ಹೂವಿಲ್ಲ, ವಿಭೂತಿಯಿಲ್ಲ, ಕುಂಕುಮವಿಲ್ಲ.

"ಇದೊಂದನ್ನ ಮರೆತ್ರಾ?" ಅಂದೆ.

"ಇಲ್ಲ ಅಕ್ಕ," ಅಂದ ಕಿರಣ. "ಅದು ಪೂಜೆಗಿಲ್ಲ. ಆ ವರ್ಷದ ಮೇಲೆ ಪ್ರತಿ ಸಲ ಒಂದನ್ನ ಹೊರಗಿಡ್ತೀವಿ. ಹಬ್ಬದ ದಿನ ಏನಾದ್ರೂ ಕೆಟ್ರೆ ಮುಟ್ಟೋಕೆ. ಸಾರ್ ಆರ್ಡರು."

ಸಾರ್ ಕೇಳಿಸದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಪಂಚೆ ಉಟ್ಟಿದ್ದರು, ಸ್ವಲ್ಪ ಇಳಿದುಹೋಗಿದ್ದರು. ತಿರುಗಿ, "ಬಾಮ್ಮ, ಕೂತ್ಕೊ," ಅಂದರು. ನಾನು ಕೂರಲಿಲ್ಲ. ಅವರೂ ನಿಂತೇ ಹೇಳಿದರು.

"ಕೆಂಗೇರಿ ಡಾಕ್ಟ್ರಮ್ಮ ಮತ್ತೆ ಬಂದವ್ರೆ. ಆಪ್ ತಗೋತಾರಂತೆ. ಆದ್ರೆ ನಮ್ಮ ಟೆಸ್ಟಿಂಗ್ ಹುಡುಗ್ರು ಸೈನು ಬೇಡ್ವಂತೆ. ಅವತ್ತು 'ಅಲ್ಲ' ಅಂದ್ಲಲ್ಲ, ಅವಳು ಸೈನ್ ಹಾಕಿದ್ರೆ ಮಾತ್ರ ನಂಬ್ತೀನಿ ಅಂತಾವ್ರೆ." ಪತ್ರ ಮೇಜಿನ ಮೇಲಿತ್ತು. "ಈಗ ಹಾಕ್ತೀಯಾ?"

ಎದೆ ತುಂಬಿ ಬಂತು, ಸುಳ್ಳೇಕೆ. ಆದರೂ, "ಮೊದಲು ಟೆಸ್ಟ್ ಮಾಡ್ತೀನಿ ಸಾರ್," ಅಂದೆ.

"ಅದು ಗೊತ್ತಿತ್ತು ಬಿಡು. ನಾಳೆ ಪೂಜೆ ಎತ್ತಿದ ಮೇಲೆ ಬಾ. ಇವತ್ತು ಕಡ್ಲೆಪುರಿ ತಿಂದ್ಕೊಂಡು ಹೋಗು."

"ಇವತ್ತೇ ಮಾಡ್ತೀನಿ. ಅದಕ್ಕೇ ತಾನೇ ಇದನ್ನ ಹೊರಗಿಟ್ಟಿರೋದು?"

ಕುರ್ಚಿ ಎಳೆದುಕೊಂಡು ಕೀಬೋರ್ಡಿನ ಮುಂದೆ ಕೂತೆ. ಸರ್ವರಿನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿದೆ. ಆಮೇಲೆ ನನ್ನ ಲ್ಯಾಪ್‌ಟಾಪನ್ನು ನಡುವೆ ಕೂರಿಸಿ, ಕಿರಣ ಕೊಟ್ಟ ಫೋನಿನಲ್ಲಿ ಆಪು ಒತ್ತಿದೆ. ಅವಧಿ ಮುಗಿದ ಚೀಟಿ ತೋರಿಸಿದೆ. ಬೇರೆ ಹೆಸರಿನ ಚೀಟಿ ತೋರಿಸಿದೆ. ನಾನೇ ಬರೆದುಕೊಂಡ ಚೀಟಿ ತೋರಿಸಿದೆ. ಪ್ರತಿ ಸಲವೂ ಫೋನಿನ ತುಂಬ ಕೆಂಪು ಅಕ್ಷರ ಬಂತು: ಸರ್ವರಿನ ಗುರುತು ಸರಿಯಿಲ್ಲ, ಸಂಪರ್ಕ ನಿಲ್ಲಿಸಲಾಗಿದೆ.

ಸಾರ್ ನನ್ನ ಹಿಂದೆ ಬಂದು ನಿಂತಿದ್ದರು. "ಏನಮ್ಮ ಬರೀ ಕೆಂಪು ಬರ್ತಾ ಇದೆ, ಕೆಟ್ಟೋಯ್ತಾ?"

"ಇಲ್ಲ ಸಾರ್. ಚೆನ್ನಾಗಿದೆ. ಪೆನ್ನು ಕೊಡಿ."

ಕಿರಣ ಜೇಬು ತಡಕಿದ, ಡ್ರಾಯರು ಎಳೆದ. "ಅಕ್ಕ, ಪೆನ್ನುಗಳನ್ನೆಲ್ಲ ಪೂಜೆಗಿಟ್ಬಿಟ್ಟಿದೀವಿ," ಅಂದ.

ಮುನಿರಾಜು ಸಾರ್ ದೇವರ ಮುಂದಕ್ಕೆ ಹೋದರು. ತಟ್ಟೆಯಲ್ಲಿ ಹೂವಿನ ಕೆಳಗಿದ್ದ ಪೆನ್ನೊಂದನ್ನು ತಾವೇ ಎತ್ತಿಕೊಂಡು, ಅದರ ಕುಂಕುಮವನ್ನು ಪಂಚೆಯ ಅಂಚಿನಲ್ಲಿ ಒರೆಸಿ, ನನ್ನ ಕಡೆ ಚಾಚಿದರು.